ಖಾಲಿ ಹೊಟ್ಟೆಯ ಲೆಕ್ಕ

ಐದು ನಲವತ್ತರ ಲೋಕಲ್ಲಿನಲ್ಲಿ
ತೊಡೆಯ ಮೇಲೆ ಐಸಿನ ಪೆಟ್ಟಿಗೆ,
ಒಳಗೆ ಕೊಳವೆಗಳು: ಹಳದಿ ಮುಚ್ಚಳ, ಬೂದು ಮುಚ್ಚಳ, ನೇರಳೆ ಮುಚ್ಚಳ.
ಮುಲುಂಡಿನಿಂದ ಪೊವಾಯಿವರೆಗೆ
ಊರು ಚಹಾಕ್ಕೆ ಕೈ ಚಾಚುವ ಮೊದಲು
ಆ ಕೈ ಹಿಡಿದು ಚುಚ್ಚುವುದು ನನ್ನ ಕಸುಬು.

ಇಪ್ಪತ್ತೆರಡನೆಯ ಮಹಡಿಯ ಬಾಟ್ಲಿವಾಲಾ ಸಾಹೇಬರ ಮೇಜಿನ ಮೇಲೆ
ಹೆಸರಿಗೆ ಮೋಸವಾಗದಷ್ಟು ಬಾಟಲಿ:
ಸತು, ಮೆಗ್ನೀಷಿಯಂ, ಸೆಲೆನಿಯಂ,
ಯಾವುದೋ ಸಮುದ್ರದ ಚಿಪ್ಪು ಅರೆದ ಕ್ಯಾಲ್ಸಿಯಂ.
ಹೋದ ವರ್ಷ ಬಿದ್ದ ಮೂತ್ರಕಲ್ಲು
ಹಳೆಯ ಉಂಗುರದ ಡಬ್ಬಿಯಲ್ಲಿದೆ. ತೆರೆದು ತೋರಿಸಿದ್ದಾರೆ,
ಕಳೆದ ಮುತ್ತು ಸಿಕ್ಕವರ ಹಾಗೆ.
ಸೂಜಿ ಇಳಿಯುವಾಗ ಮುಖ ತಿರುಗಿಸಿ ಪ್ರತಿ ಸಲ ಕೇಳುತ್ತಾರೆ:
"ಮೊಟ್ಟೆ ತಿನ್ನುತ್ತೇನೆ, ಬೇಳೆ ತಿನ್ನುತ್ತೇನೆ, ವಾರಕ್ಕೆ ಮೂರು ದಿನ ಮೀನು.
ಇವೂ ಬೇಕೇನಯ್ಯಾ?"
"ಡಾಕ್ಟರನ್ನು ಕೇಳಿ" ಎನ್ನುತ್ತೇನೆ, ಹತ್ತಿ ಒತ್ತುತ್ತ.
ಲಿಫ್ಟಿನಲ್ಲಿ ಇಳಿಯುವಾಗ ಮಾತ್ರ ನಗು:
ತುಂಬಿದ ಮೈ ಬೇಡವೆಂದದ್ದೆಲ್ಲ
ಪೈಪಿನಲ್ಲಿಳಿದು ಪೊವಾಯಿ ಕೆರೆಯ ಮೊಸಳೆಗೆ ಸೇರುತ್ತದೇನೋ,
ಸೇರಲಿ, ಅದರ ಹಲ್ಲಾದರೂ ಗಟ್ಟಿಯಾಗಲಿ.

ಹೀಗೆ ನಗುತ್ತಿದ್ದೆ.

ಭಾಂಡುಪಿನ ಗುಡ್ಡದಲ್ಲಿ ನನ್ನ ಮನೆ. ಹೆಂಡತಿ ಸುಗಂಧಿ
ಅಂಗನವಾಡಿಯ ಗೋಡೆಗೆ ಸಮತೋಲ ಆಹಾರದ ಪಟ ಅಂಟಿಸಿದವಳು.
ಮರಾಠಿಯಲ್ಲಿ ಬಾಯಿಪಾಠ: ಭಾಕರಿ, ಉಸಳ, ಹಸಿರು ಸೊಪ್ಪು, ಶೇಂಗಾ, ಬಾಳೆಹಣ್ಣು.
ಮನೆಯಲ್ಲೂ ಹಾಗೆಯೇ. ಹರಿವೆ ಇಲ್ಲದ ಸೋಮವಾರವಿಲ್ಲ,
ಬಂಗುಡೆ ಇಲ್ಲದ ಬುಧವಾರವಿಲ್ಲ.
ಅಕ್ಕಿ ಆರಿಸುತ್ತ ಹಸಿ ಅಕ್ಕಿಯನ್ನೇ ಹಿಡಿ ಹಿಡಿ ಜಗಿಯುತ್ತಿದ್ದಳು,
ಈ ವಯಸ್ಸಿಗೆ ಬಯಕೆಯೇನೇ, ಎಂದು ಕೀಟಲೆ ಮಾಡಿದ್ದೆ.
ಮೆಟ್ಟಿಲ ನಡುವೆ ಕುಸಿದು ಕೂರುತ್ತಿದ್ದಳು;
ಗುಡ್ಡವನ್ನು ಬೈದಿದ್ದೆ.

ಒಂದು ದಿನ ಯಾರೋ ಬುಕಿಂಗ್ ರದ್ದು ಮಾಡಿ
ನೇರಳೆ ಮುಚ್ಚಳದ್ದೊಂದು ಉಳಿಯಿತು.
ತಮಾಷೆಗೆ ಅವಳ ತೋಳಿಗೆ ಪಟ್ಟಿ ಕಟ್ಟಿದೆ.
ಹದಿನೇಳು ವರ್ಷದಿಂದ ಊರಿನ ರಟ್ಟೆಯೆಲ್ಲ ತಡವಿದವನು
ಇದೊಂದನ್ನು ಬೆಳಕಿಗೆ ಹಿಡಿದಿರಲಿಲ್ಲ.
ಏಳು ಪಾಯಿಂಟ್ ಎಂಟು.
ಯಂತ್ರ ಕೆಟ್ಟಿದೆ ಎಂದೆ. ಮತ್ತೆ ಹಾಕಿಸಿದೆ.
ಯಂತ್ರ ಸರಿಯಿತ್ತು.

ಆ ಭಾನುವಾರ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕಂಡೆ:
ಮೀನಿನ ನಡುತುಂಡು ನನಗೆ, ಮಕ್ಕಳಿಗೆ,
ಅವಳ ಪಾಲಿಗೆ ಬಾಲ, ಪಾತ್ರೆಗಂಟಿದ ಸೊಪ್ಪು,
ಮೂರು ಗಂಟೆಗೆ, ನಿಂತೇ,
ಕೊನೆಯ ತುತ್ತಿನ ಬೆನ್ನಿಗೇ ಕಡು ಚಹಾ.
ಮುಟ್ಟು ಐದು ದಿನದ್ದಲ್ಲ, ಹತ್ತು ದಿನದ್ದು.
ಲೇಡಿ ಡಾಕ್ಟರು ವಿಚಾರಿಸಿದಾಗ, ಪಕ್ಕದ ಕುರ್ಚಿಯಲ್ಲಿ,
ನನ್ನ ಕಿವಿಗೂ ಅದು ಮೊದಲ ಸಲ ಬಿತ್ತು.
ಪಟದಲ್ಲಿ ತಟ್ಟೆಯಿದೆ.
ತಟ್ಟೆಗೆ ಯಾರು ಎಷ್ಟನೆಯವರಾಗಿ ಕೂತರು ಎಂದಿಲ್ಲ.

ಕಬ್ಬಿಣದ ಮಾತ್ರೆ ಅವಳ ಕಪಾಟಿನಲ್ಲೇ ಇದ್ದವು,
ದೊಡ್ಡ ಹುಡುಗಿಯರಿಗೆ ವಾರಕ್ಕೊಂದು ಎಣಿಸಿ ಕೊಡುವಂಥವು.
"ರಿಜಿಸ್ಟರಿನಲ್ಲಿ ನನ್ನ ಹೆಸರಿಲ್ಲವಲ್ಲ" ಎಂದಳು.

ಚೀಟಿ ಹಿಡಿದು ಅಂಗಡಿಯಿಂದ ತಂದೆ. ನಿಂಬೆನೀರಿನಲ್ಲಿ ನುಂಗಿದಳು,
ತುಕ್ಕು ಹಿಡಿದ ಗೇಟು ನೆಕ್ಕಿದ ಹಾಗಿದೆ ಎಂದು ಮುಖ ಹಿಂಡಿ.
ಮಾತ್ರೆಗಿಂತ ದೊಡ್ಡ ಜಗಳ
ಚಹಾವನ್ನು ಒಂದು ತಾಸು ಮುಂದಕ್ಕೆ ತಳ್ಳುವುದು.
ನಡುತುಂಡಿನ ಜಗಳ ಇನ್ನೂ ನಡೆದಿದೆ,
ಕೆಲವು ಬುಧವಾರ ನಾನು ಗೆಲ್ಲುತ್ತೇನೆ.
ಮೂರು ತಿಂಗಳಿಗೆ ಹತ್ತೂವರೆ.
ಹಸಿ ಅಕ್ಕಿ ತಾನಾಗಿ ಬಾಯಿ ಬಿಟ್ಟಿತು.

ನಿನ್ನೆ ಮತ್ತೆ ಇಪ್ಪತ್ತೆರಡನೆಯ ಮಹಡಿ, ಮತ್ತೆ ಅದೇ ಪ್ರಶ್ನೆ.
ನಿಮಗೆ ಬೇಡವೇನೋ ಸಾಹೇಬರೇ, ಎನ್ನುವುದರಲ್ಲಿದ್ದೆ.
ಅಡುಗೆಮನೆಯ ಬಾಗಿಲಲ್ಲಿ ಅವರ ಕೆಲಸದ ಹುಡುಗಿ ವೈಜಯಂತಾ
ಬಳಪದ ಚೂರೊಂದನ್ನು ಬಾಯಿಗಿಟ್ಟವಳು
ನನ್ನನ್ನು ಕಂಡು ಅಂಗೈ ಮುಚ್ಚಿದಳು.

ಪೆಟ್ಟಿಗೆ ಮುಚ್ಚುತ್ತಿದ್ದ ಕೈ ನಿಂತಿತು.
ನೇರಳೆ ಮುಚ್ಚಳದ್ದು ಇನ್ನೊಂದು ಇತ್ತು.